ಕುಂಕುಮದ ಕಾಗದ ತೂಗದ ದಸ್ತಗೀರ್ ಸಾಬರು

ದಸ್ತಗೀರ್ ಸಾಬರು ಕಾಗದವನ್ನು ಓದುತ್ತಿರಲಿಲ್ಲ, ಮುಟ್ಟಿ ನೋಡುತ್ತಿದ್ದರು. ಮೊದಲು ಎರಡು ಬೆರಳ ನಡುವೆ ಹಿಡಿದು ಅದರ ದಪ್ಪ ನೋಡುವುದು, ಆಮೇಲೆ ಬೆನ್ನು ತಿರುಗಿಸಿ ಅಂಗೈಯಿಂದ ಸವರುವುದು, ಕಡೆಗೆ ಮೂಗಿನ ಹತ್ತಿರ ತಂದು ಒಂದು ಸಲ ವಾಸನೆ ಹಿಡಿಯುವುದು. ಇಷ್ಟಾದ ಮೇಲೆ ತೀರ್ಪು. ಚನ್ನಗಿರಿಯ ಬೀದಿ ಬೀದಿ ಸುತ್ತಿ ಹಳೇ ಪೇಪರ್ ಕೊಳ್ಳುತ್ತಿದ್ದ ಈ ಮನುಷ್ಯನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಉರ್ದೂವೂ ಅಷ್ಟಕ್ಕಷ್ಟೇ. ಬರುತ್ತಿದ್ದುದು ಅಂಕಿ ಮಾತ್ರ. ತಕ್ಕಡಿ ಹಿಡಿಯುವವರಿಗೆ ಅಂಕಿ ಬಾರದೆ ನಡೆಯುವುದಿಲ್ಲವಲ್ಲ. ಆ ಹತ್ತು ಅಂಕಿಗಳನ್ನು ಇಟ್ಟುಕೊಂಡೇ ಅವರು ಅರ್ಧ ಊರಿನ ಮನೆಗಳ ದಾಖಲೆ ಕಾಯ್ದರು ಎಂದರೆ, ಮೂವತ್ತು ವರ್ಷ ಶಾಲೆಯಲ್ಲಿ ಅಕ್ಷರ ಕಲಿಸಿದ ನನಗೆ ಒಪ್ಪಿಕೊಳ್ಳಲು ಇವತ್ತಿಗೂ ಸ್ವಲ್ಪ ಮುಜುಗರವೇ.

ತಿಂಗಳ ಎರಡನೇ ಶನಿವಾರ ಅವರ ಮೊಪೆಡ್ ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಬಿಳಿ ಟೋಪಿ, ಕಿವಿಯ ಮೇಲೊಂದು ಪೆನ್ಸಿಲ್ ತುಂಡು, ಹಿಂದೆ ಕಟ್ಟಿದ ಖಾಲಿ ಅಡಿಕೆ ಚೀಲಗಳು. ಜಗಲಿಯ ಮೇಲೆ ನಮ್ಮದೇ ಹಳೇ ಬಣ್ಣದ ಡಬ್ಬ ಒಂದನ್ನು ಬೋರಲು ಹಾಕಿಕೊಂಡು ಕೂತರೆಂದರೆ ಅವರನ್ನು ಏಳಿಸುವುದು ಆ ದೇವರಿಗೂ ಆಗದ ಮಾತು. ತಕ್ಕಡಿ ಚೀಲದಲ್ಲೇ ಇರುತ್ತಿತ್ತು. ಮೊದಲು ನಾನು ಕೊಟ್ಟ ರದ್ದಿಯನ್ನೆಲ್ಲ ಒಂದೊಂದಾಗಿ ಮುಟ್ಟಿ ಮೂರು ರಾಶಿ ಮಾಡಬೇಕು. ಮೊದಲನೆಯದು ಇನ್ನೂ ಉಸಿರಿರುವ ಕಾಗದ, ಅದು ಮನೆಯೊಳಗೆ ವಾಪಸ್. ಎರಡನೆಯದು ಉಸಿರು ಮುಗಿದದ್ದು, ಅದು ತಕ್ಕಡಿಗೆ. ಮೂರನೆಯದು ಉಸಿರು ಮುಗಿದಿದ್ದರೂ ಬೀದಿಗೆ ಬಿಡಬಾರದ್ದು, ಅದು ಬಚ್ಚಲ ಒಲೆಗೆ.

ನನಗೋ, ಮನೆ ಖಾಲಿಯಾಗಬೇಕು. ಕಸ ಎಂದು ಒಮ್ಮೆ ಹೊರಗೆ ಹಾಕಿದ್ದನ್ನು ಯಾರಾದರೂ ಕೆದಕಿದರೆ ನನ್ನ ಮೈ ಉರಿಯುತ್ತದೆ. ಸಾಬರು ಕರೆಂಟ್ ಬಿಲ್ ಒಂದನ್ನು ಎತ್ತಿ ಹಿಡಿದು ಇದು ಹೋದ ತಿಂಗಳದ್ದು, ಮುಂದಿನ ಬಿಲ್ಲಿನಲ್ಲಿ ಬಾಕಿ ಇಲ್ಲ ಎಂದು ಬರುವವರೆಗಾದರೂ ಇಟ್ಟುಕೊಳ್ಳಿ ಎನ್ನುವರು. ಮಿಕ್ಸಿಯ ರಸೀದಿ ಸಿಕ್ಕರೆ, ಮಿಕ್ಸಿ ಇನ್ನೂ ತಿರುಗುತ್ತಿದೆಯೇ ಎಂದು ಕೇಳುವರು. ತಿರುಗುತ್ತಿದ್ದರೆ ರಸೀದಿಗೂ ಉಸಿರಿದೆ ಎಂದರ್ಥ. ಓದಬೇಕಾದದ್ದು ಏನಾದರೂ ಇದ್ದರೆ ಟೀಚರಮ್ಮ, ಇದೇನು ಹೇಳತೈತೆ ನೋಡ್ರಿ ಎಂದು ನನ್ನ ಕೈಗೆ ಕೊಡುವರು. ನಾನು ಅನ್ನಕ್ಕೆ ಇಟ್ಟು ಬಂದವಳು ಅಲ್ಲೇ ಕೂತು ಓದಬೇಕು.

ಒಮ್ಮೆ ಸಿಟ್ಟು ತಡೆಯದೆ, ಇದೆಲ್ಲ ನಿಮಗೆ ಯಾರು ಕಲಿಸಿದರು ಎಂದು ಕೇಳಿದ್ದೆ. ಅವರು ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟು ಹೇಳಿದರು:

"ರದ್ದಿನೇ ಕಲಿಸ್ತು ಟೀಚರಮ್ಮ. ದಾವಣಗೆರೆ ಆಡಿಟರ್ ಒಬ್ರ ಆಫೀಸಿಗೆ ವರ್ಷಕ್ಕೊಂದ್ಸಲ ಹೋಗ್ತಿದ್ದೆ. ತೆರಿಗೆ ಕಾಗ್ದ ಎಂಟು ವರ್ಷ ದಾಟಿದ್ದು ಮಾತ್ರ ತೂಕಕ್ಕೆ ಕೊಡೋರು. ಏಳು ವರ್ಷದ್ದು ಕೇಳಿದ್ರೆ ಬೈಯೋರು. ವಕೀಲರ ಮನೆ ರದ್ದಿನಾಗೆ ಇವತ್ತಿನವರೆಗೂ ಒಂದು ಮನೆ ಪತ್ರ ಕಂಡಿಲ್ಲ. ತಿಳಿದೋರು ಏನು ಬಿಸಾಕ್ತಾರೆ, ಯಾವಾಗ ಬಿಸಾಕ್ತಾರೆ, ಅಷ್ಟು ನೋಡಿದ್ರೆ ಸಾಕಲ್ರೀ."

ಓದಿದವರು ಪುಸ್ತಕದಲ್ಲಿ ಹುಡುಕುವುದನ್ನು ಈ ಮನುಷ್ಯ ಅವರ ಕಸದಲ್ಲಿ ಓದಿಕೊಂಡಿದ್ದರು. ಅವತ್ತು ನನಗೆ ನಗು ಬಂತು. ಅಷ್ಟರಲ್ಲಿ ಅನ್ನ ಸೀದ ವಾಸನೆ ಬಂದು ಒಳಗೆ ಓಡಿದೆ.

ನಮ್ಮ ಅತ್ತೆ ಗಂಗಮ್ಮನವರಿಗೆ ಮಾತ್ರ ಸಾಬರೆಂದರೆ ಪಂಚಪ್ರಾಣ. ಅತ್ತೆ ಜಗಳೂರಿನ ಕಡೆಯವರು. ಅವರ ತವರಿನಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಮನೆಯ ಕಾಗದಪತ್ರವನ್ನೆಲ್ಲ ಕಲಶದ ಮುಂದಿಟ್ಟು, ನೀರಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳಿನಿಂದ ಒಂದೊಂದಕ್ಕೂ ಹಚ್ಚುವ ರೂಢಿ. ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಕಬ್ಬಿಣದ ಟ್ರಂಕು ಹೊರಗೆ ಬರುತ್ತಿತ್ತು, ಮನೆ ಪತ್ರ, ಪಾಸ್‌ಬುಕ್ಕು, ವಿಮೆಯ ಬಾಂಡು ಎಲ್ಲಕ್ಕೂ ಒಂದೊಂದು ಬೊಟ್ಟು. ಈ ಸಂಗತಿ ಸಾಬರಿಗೆ ಗೊತ್ತಾದದ್ದೇ ತಡ, ತಮ್ಮದೊಂದು ಕಾನೂನು ಮಾಡಿಕೊಂಡರು. ಯಾವ ಮನೆಯದೇ ಇರಲಿ, ಕುಂಕುಮದ ಕಲೆ ಇರುವ ಕಾಗದವನ್ನು ತಕ್ಕಡಿಗೆ ಹಾಕುವುದಿಲ್ಲ. ಓದಲು ಬಾರದ ನನಗೆ ಈ ಅವ್ವ ಓದಾಕೆ ಕಲಿಸಿದ್ಲು ಎಂದು ನನ್ನೆದುರೇ ಅತ್ತೆಯನ್ನು ಹೊಗಳುವರು. ಶಾಲೆಯ ಟೀಚರಾದ ನಾನು ಅಲ್ಲೇ ನಿಂತಿರುತ್ತಿದ್ದೆ, ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ಅವರ ಮೂರನೇ ರಾಶಿಯ ಬೆಲೆ ನನಗೆ ತಿಳಿದದ್ದು ಮಂಡಕ್ಕಿ ಮಿರ್ಚಿಯಿಂದ. ಒಂದು ಸಲ ಈ ತಡ ತಾಳಲಾರೆ ಎಂದು ಬೀದಿಯಲ್ಲಿ ಬಂದ ಬೇರೊಬ್ಬ ವ್ಯಾಪಾರಿಗೆ ಎರಡು ಚೀಲ ರದ್ದಿ ಹಾಕಿಬಿಟ್ಟೆ. ಎರಡೇ ನಿಮಿಷದಲ್ಲಿ ತೂಗಿ, ಚೀಲ ಹೊತ್ತು ಹೋದ. ಆಹಾ, ವ್ಯಾಪಾರ ಅಂದರೆ ಇದು ಅಂದುಕೊಂಡೆ. ಹದಿನೈದು ದಿನ ಕಳೆದಿರಬೇಕು, ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಮಿರ್ಚಿ ತರಿಸಿದ್ದರು. ಹೆಡ್ಮಿಸ್ಟ್ರೆಸ್ ತಮ್ಮ ಪಾಲಿನ ಮಿರ್ಚಿ ಮುಗಿಸಿ, ಎಣ್ಣೆ ಹೀರಿದ ಕಾಗದವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದತೊಡಗಿದರು. ಅದು ನನ್ನ ಸಂಬಳದ ಚೀಟಿ. ಹೆಸರು, ಬ್ಯಾಂಕಿನ ಖಾತೆ ನಂಬರು, ಮೊಬೈಲ್ ನಂಬರು, ಯಾವ ಕಂತಿಗೆ ಎಷ್ಟು ಕಡಿತ, ಎಲ್ಲವೂ ಮೆಣಸಿನಕಾಯಿಯ ಎಣ್ಣೆಯಲ್ಲಿ ಇನ್ನಷ್ಟು ಎದ್ದು ಕಾಣುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಂದು ವಾರ ನನಗೆ ಮಿರ್ಚಿ ಟೀಚರ್ ಎಂದೇ ಹೆಸರು.

ಈ ಕಥೆ ಕೇಳಿದರೆ ಸಾಬರು ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಆ ನಂಬರಿಗೆ ಯಾರಾದರೂ ಫೋನ್ ಮಾಡಿದ್ದರೇ, ಬ್ಯಾಂಕಿನಿಂದ ಎಂದು ಹೇಳಿ ಏನಾದರೂ ಕೇಳಿದ್ದರೇ ಎಂದು ಎರಡೆರಡು ಸಲ ವಿಚಾರಿಸಿದರು. ಇಲ್ಲ ಎಂದ ಮೇಲೆಯೇ ಅವರ ಮುಖ ಸಡಿಲವಾದದ್ದು. ಆವತ್ತೇ ನಮ್ಮ ಒಲೆಯ ಮುಂದೆ ಕೂತು, ಮನೆಯಲ್ಲಿದ್ದ ಹಳೇ ಎಟಿಎಂ ಚೀಟಿ, ಆಧಾರಿನ ಜೆರಾಕ್ಸು, ಮುಗಿದ ಚೆಕ್ ಪುಸ್ತಕ ಎಲ್ಲವನ್ನೂ ನನ್ನ ಕೈಯಿಂದಲೇ ಹರಿಸಿ ಒಲೆಗೆ ಹಾಕಿಸಿದರು. "ಉದ್ದ ನಂಬರ್ ಇರೋ ಕಾಗ್ದ ಬೀದಿಗೆ ಬಿಡಬಾರ್ದು ಟೀಚರಮ್ಮ. ಅರ್ಧ ಚನ್ನಗಿರಿ ಬ್ಯಾಂಕ್ ನಂಬರಿನಾಗೆ ನಮ್ಮನೇಲಿ ಸ್ನಾನದ ನೀರು ಕಾಯತೈತೆ" ಎಂದರು. ನಕ್ಕದ್ದು ಆಗ.

ಇಷ್ಟು ಒಳ್ಳೆಯ ಮನುಷ್ಯನಿಗೆ ನಾನು ಒಂದು ದಿನ ಆಡಬಾರದ ಮಾತು ಆಡಿದೆ. ಅದನ್ನು ಬರೆಯಬೇಕೆಂದೇ ಇದನ್ನೆಲ್ಲ ಬರೆಯುತ್ತಿರುವುದು.

ನಮ್ಮ ಮಾವನವರು ಹೊನ್ನಾಳಿಯಲ್ಲಿ ನೌಕರಿಯಲ್ಲಿದ್ದಾಗ ಅಲ್ಲಿಯ ಒಂದು ಸಣ್ಣ ಸೊಸೈಟಿಯಲ್ಲಿ ಸಾಲ ಎತ್ತಿ ಚನ್ನಗಿರಿಯ ಈ ಮನೆ ಕಟ್ಟಿಸಿದ್ದರು. ನಾನು ಸೊಸೆಯಾಗಿ ಬಂದದ್ದು ಆ ಕಂತಿನ ಕಾಲದಲ್ಲಿ. ಹೊಸ ಸೀರೆಗೆ ಆಸೆ ಪಟ್ಟರೆ ಕಂತು, ತವರಿಗೆ ಹೋಗಿ ಬರುತ್ತೇನೆಂದರೆ ಕಂತು. ಸಾಲ ತೀರಿದ ದಿನ ಸೊಸೈಟಿಯವರು ಟೈಪ್ ಮಾಡಿ, ಸೀಲು ಹಾಕಿ ಒಂದು ಪತ್ರ ಕೊಟ್ಟರು. ಇವರ ಸಾಲ ಪೂರ್ತಿ ತೀರಿದೆ, ಇನ್ನು ಮನೆಯ ಮೇಲೆ ನಮ್ಮ ಹಕ್ಕಿಲ್ಲ ಎಂದು. ಮಾವನವರು ಮನೆಗೆ ಬಂದ ನೆಂಟರಿಗೆಲ್ಲ ಕಾಫಿಗಿಂತ ಮೊದಲು ಆ ಪತ್ರ ತೋರಿಸುತ್ತಿದ್ದರು. ಅತ್ತೆ ದೀಪಾವಳಿಗೆ ಎಲ್ಲಕ್ಕಿಂತ ದೊಡ್ಡ ಬೊಟ್ಟು ಅದಕ್ಕೇ ಹಚ್ಚುತ್ತಿದ್ದರು. ನನಗೆ ಆ ಕಾಗದ ಕಂಡರೆ ಆಗುತ್ತಿರಲಿಲ್ಲ. ನನ್ನ ಹರೆಯದ ಹತ್ತು ವರ್ಷ ಅದರಲ್ಲಿ ಮಡಚಿ ಇಟ್ಟಂತೆ ಅನ್ನಿಸುತ್ತಿತ್ತು.

ಮಾವನವರು ತೀರಿಕೊಂಡ ಎರಡು ವರ್ಷಕ್ಕೆ ಮನೆಗೆ ಸುಣ್ಣ ಬಣ್ಣ ಮಾಡಿಸಿದೆವು. ಅತ್ತೆ ಜಗಳೂರಿಗೆ ತಂಗಿಯ ಮನೆಗೆ ಹೋಗಿದ್ದರು. ಟ್ರಂಕು ಖಾಲಿ ಮಾಡುವಾಗ ಆ ಪತ್ರ ಕೈಗೆ ಸಿಕ್ಕಿತು, ತೆಗೆದು ರದ್ದಿಗೆ ಎಸೆದೆ. ಸಾಬರ ಕೈ ಅದರ ಮೇಲೆ ಬಂದು ನಿಂತಿತು. ಓದಿ ಎಂದರು. ಓದಿದೆ. ಸಾಲ ತೀರಿದ ಪತ್ರ ಮನೆ ಇರುವವರೆಗೂ ಇರಬೇಕು, ಅದಕ್ಕೆ ವರ್ಷದ ಲೆಕ್ಕವಿಲ್ಲ, ಮೇಲಾಗಿ ಕುಂಕುಮ ಹಚ್ಚಿದ್ದು ಎಂದು ವಾಪಸ್ ಚಾಚಿದರು. ತೀರಿದ ಸಾಲದ ಕಾಗದ ಯಾಕೆ ಎಂದೆ. ಅವರು ಮತ್ತೆ ಚಾಚಿದರು. ಸುಣ್ಣದವರು ಕಾಯುತ್ತಿದ್ದರು, ತಲೆಯ ಮೇಲೆ ಬಿಸಿಲು. ನನ್ನ ಬಾಯಿಂದ ಬಂದೇ ಬಿಟ್ಟಿತು.

"ತೂಗೋದು ನಿಮ್ಮ ಕೆಲಸ ಸಾಬ್ರೇ, ತೂಗಿ. ಓದಾಕೆ ಬರದವರು ನಮಗೆ ಕಾಗದದ ಬುದ್ಧಿ ಹೇಳೋದು ಬೇಡ."

ಸಾಬರು ಪತ್ರವನ್ನು ರದ್ದಿಯ ರಾಶಿಯ ಮೇಲೆ ಇಟ್ಟರು. ಚೀಲದಿಂದ ತಕ್ಕಡಿ ತೆಗೆದರು. ಆ ಪತ್ರವನ್ನೂ ಸೇರಿಸಿ ತೂಗಿದರು, ದುಡ್ಡು ಎಣಿಸಿ ಜಗಲಿಯ ಮೇಲಿಟ್ಟು ಹೋದರು. ಮುಂದಿನ ತಿಂಗಳೂ ಬಂದರು, ಅದರ ಮುಂದಿನ ತಿಂಗಳೂ ಬಂದರು. ಅದೇ ಸಲಾಮು, ಅದೇ ನಗು. ಆದರೆ ಡಬ್ಬ ಬೋರಲು ಹಾಕಿ ಕೂರಲಿಲ್ಲ. ನಿಂತುಕೊಂಡೇ ತೂಗಿ ಹೊರಡುತ್ತಿದ್ದರು. ಪಕ್ಕದ ಮನೆಯ ಜಗಲಿಯಲ್ಲಿ ಮೂರು ರಾಶಿ ಬೀಳುವುದು ನನಗೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಒಂದೇ ರಾಶಿ. ನಾನು ಬಯಸಿದ್ದು ಅದನ್ನೇ ಅಲ್ಲವೇ, ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಕ್ಷಮಿಸಿ ಎಂದು ಒಂದು ಮಾತು ಹೇಳಲು ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದೆ. ಬಾಯಿ ಬರಲಿಲ್ಲ. ಆಮೇಲೆ ಅವರ ಕಣ್ಣಿಗೆ ಪೊರೆ ಬಂತು, ಬೀದಿ ಸುತ್ತುವುದು ನಿಂತಿತು.

ಹಾಗೆ ಎಷ್ಟೋ ವರ್ಷ ಕಳೆದ ಮೇಲೆ, ಹೋದ ವರ್ಷದ ಬೇಸಿಗೆಯಲ್ಲಿ, ಒಂದು ನೋಟಿಸು ಬಂತು. ಹೊನ್ನಾಳಿಯ ಆ ಸಣ್ಣ ಸೊಸೈಟಿಯನ್ನು ದೊಡ್ಡದೊಂದು ಸೊಸೈಟಿ ಸೇರಿಸಿಕೊಂಡಿತ್ತು. ಅವರ ಕಂಪ್ಯೂಟರಿನಲ್ಲಿ ಮಾವನವರ ಸಾಲ ಇನ್ನೂ ಬಾಕಿ. ಮೂವತ್ತು ದಿನದೊಳಗೆ ತೀರಿಸಿ, ಅಥವಾ ತೀರಿಸಿದ್ದಕ್ಕೆ ದಾಖಲೆ ತನ್ನಿ, ಇಲ್ಲವಾದರೆ ಮನೆಯ ಮೇಲೆ ಕ್ರಮ. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ಆಫೀಸಿನ ಮೆಟ್ಟಿಲು ಕಂಡರೆ ಬೆವರುವವರು. ನಾನೇ ಹೊನ್ನಾಳಿಗೆ ಹೋದೆ. ಹೊಳೆ ಉಕ್ಕಿದ ವರ್ಷ ಹಳೇ ಆಫೀಸಿಗೆ ನೀರು ನುಗ್ಗಿ ಪುಸ್ತಕಗಳೆಲ್ಲ ನೆಂದು ಹೋದವೆಂದೂ, ಉಳಿದದ್ದನ್ನು ನೋಡಿ ಕಂಪ್ಯೂಟರಿಗೆ ಹಾಕಿದ್ದೆಂದೂ ಅಲ್ಲಿಯ ಗುಮಾಸ್ತ ಮರ್ಯಾದೆಯಿಂದಲೇ ವಿವರಿಸಿದ. ಮನೆ ಪತ್ರ ನಮ್ಮ ಕೈಯಲ್ಲೇ ಇದೆಯಲ್ಲ ಎಂದೆ. ಅದು ಸಾಲ ತೀರಿದ್ದಕ್ಕೆ ಸಾಕ್ಷಿಯಾಗುವುದಿಲ್ಲ ಮೇಡಂ, ಸೊಸೈಟಿಯವರು ಸಾಲ ತೀರಿದೆ ಎಂದು ಕೊಟ್ಟ ಪತ್ರ ಬೇಕು ಎಂದ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಎಂಬತ್ತೈದು ದಾಟಿದ ಜೀವ. "ಯಾಕೆ ಹೆದರ್ತೀಯವ್ವ, ಟ್ರಂಕಿನಾಗೆ ಐತಲ್ಲ. ನಾನೇ ವರ್ಷಾ ವರ್ಷಾ ಕುಂಕುಮ ಹಚ್ಚೀನಿ" ಎಂದರು. ಕಣ್ಣು ಮಂಜಾದ ಮೇಲೆ ಅವರು ನಾನು ಮುಂದಿಟ್ಟ ಕಾಗದಕ್ಕೆಲ್ಲ ಬೊಟ್ಟಿಡುತ್ತಿದ್ದರು, ಯಾವುದು ಇದೆ ಯಾವುದು ಇಲ್ಲ ಎಂದು ಅವರಿಗೇನು ಗೊತ್ತು. ನಾನು ಹೂಂ ಎಂದೆ. ಆ ಮೂರು ವಾರ ನಾನು ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಹುಡುಕುತ್ತಾ ಇದ್ದೇನೆ ಎಂದೆ, ವಕೀಲರ ಹತ್ತಿರ ಇದೆ ಎಂದೆ. ಅತ್ತೆಯ ಊಟ ಅರ್ಧ ರೊಟ್ಟಿಗೆ ಇಳಿಯಿತು. ಈ ವಯಸ್ಸಿನಲ್ಲಿ ಅವರನ್ನು ಬಾಡಿಗೆ ಮನೆಗೆ ಕರೆದುಕೊಂಡು ಹೋಗುವ ಚಿತ್ರ ಕಣ್ಣ ಮುಂದೆ ಬಂದು ನನಗೆ ಊಟವೇ ಸೇರಲಿಲ್ಲ.

ಎಲ್ಲ ಬಾಗಿಲು ತಟ್ಟಿ, ಕಡೆಗೆ ಉಳಿದದ್ದು ನಾನು ಮೊದಲೇ ತಟ್ಟಬೇಕಾಗಿದ್ದ ಬಾಗಿಲು. ಬಸ್‌ಸ್ಟ್ಯಾಂಡಿನ ಹಿಂದಿನ ಅವರ ಅಂಗಡಿಗೆ ಹೋದೆ. ಈಗ ಸೊಸೆ ಶಾಹೀನ್ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡು ವ್ಯಾಪಾರ ನೋಡುತ್ತಾಳೆ. ಸಾಬರು ಒಳಗೆ ರದ್ದಿಯ ಕಟ್ಟುಗಳಿಗೆ ಒರಗಿ ಕೂತಿದ್ದರು. ಕಣ್ಣಿನ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು. ಮಾತು ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ, ನಮ್ಮ ಮನೆಗೆ ನೋಟಿಸು ಬಂದಿದೆ ಸಾಬ್ರೇ ಎಂದಷ್ಟೇ ಹೇಳಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು.

"ಕುಂಕುಮದ್ದು ಬೇಕಾ?" ಎಂದರು.

ಗೋಡೆಯ ಗೂಡಿನಿಂದ ಒಂದು ತಗಡಿನ ಡಬ್ಬ ಇಳಿಸಿದರು. ಅದರ ತುಂಬ ಕಾಗದ. ಮನೆಯವರು ಬೇಡವೆಂದು ಹಟ ಹಿಡಿದು ಕೊಟ್ಟ, ಆದರೆ ಇವರಿಗೆ ಮಾರಲು ಮನಸ್ಸು ಬಾರದ ಕಾಗದಗಳು. ಕೆರೆಬಿಳಚಿಯ ಯಾರದೋ ವಿಮೆಯ ಬಾಂಡು, ಗೋವಿನಕೋವಿಯ ಯಾರದೋ ಭಾಗಪತ್ರ. ಓದಲು ಬಾರದ್ದರಿಂದ ಯಾರದು ಎಂದು ತಿಳಿಯಲು ಒಂದೊಂದರ ಬೆನ್ನಿಗೂ ಪೆನ್ಸಿಲಿನಿಂದ ಗುರುತು ಬರೆದುಕೊಂಡಿದ್ದರು. ಒಂದಕ್ಕೆ ಬಾವಿ, ಒಂದಕ್ಕೆ ಎರಡು ಬಾಗಿಲು, ಒಂದಕ್ಕೆ ನಾಯಿ. ನಮ್ಮ ಪತ್ರದ ಬೆನ್ನಿಗೆ ಒಂದು ಬೋರಲು ಡಬ್ಬ. ಅದನ್ನು ನೋಡಿ ಅಲ್ಲೇ ಕಟ್ಟಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತೂಗಿ ಕೊಂಡದ್ದನ್ನು ತಂದು ಕೊಟ್ಟರೆ ಟೀಚರಮ್ಮನಿಗೆ ಬುದ್ಧಿ ಹೇಳಿದಂತೆ ಆಗುತ್ತಿತ್ತಲ್ಲ ಎಂದರು. ಕುಹಕವಿರಲಿಲ್ಲ ಆ ಮಾತಿನಲ್ಲಿ, ಇದ್ದುದನ್ನು ಇದ್ದಂತೆ ಹೇಳಿದ್ದರು. ನಾನು ಪತ್ರಕ್ಕೆ ಕೈ ಚಾಚಿದಾಗ ಮಾತ್ರ ಹಿಂದೆ ಎಳೆದುಕೊಂಡು ನಕ್ಕರು. ಇದು ದುಡ್ಡು ಕೊಟ್ಟು ತೆಗೆದುಕೊಂಡ ಮಾಲು, ಸುಮ್ಮನೆ ಕೊಡಲು ಬರುವುದಿಲ್ಲ, ಅವ್ವನ ಕೈಯ ಒಂದು ಲೋಟ ಚಹಾ ಆಗಬೇಕು ಎಂದು ಒಪ್ಪಿಸಿಕೊಂಡೇ ಪತ್ರ ಕೈಗಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಹೊನ್ನಾಳಿಯ ಗುಮಾಸ್ತ ಪತ್ರವನ್ನು ನೋಡಿ ತಲೆ ಕೆರೆದುಕೊಂಡ. ಸೀಲಿತ್ತು, ಸಹಿಯಿತ್ತು, ತಾರೀಖು ಮಾತ್ರ ಕಾಣುತ್ತಿರಲಿಲ್ಲ. ಅದು ಇದ್ದ ಜಾಗದಲ್ಲಿ ಅತ್ತೆಯ ದೊಡ್ಡ ಬೊಟ್ಟು. ಎಷ್ಟೋ ದೀಪಾವಳಿಗಳ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ತಾರೀಖು ಸಿಕ್ಕರೆ, ಒಣಗಿಸಿ ಇಟ್ಟ ಹಳೇ ಪುಸ್ತಕದಲ್ಲಿ ಆ ದಿನದ ಪುಟ ಹುಡುಕಬಹುದು ಮೇಡಂ, ತಾರೀಖಿಲ್ಲದೆ ಇಷ್ಟು ಪುಟದಲ್ಲಿ ಎಲ್ಲಿ ಹುಡುಕಲಿ ಎಂದ. ಗಡುವಿಗೆ ಉಳಿದದ್ದು ನಾಲ್ಕು ದಿನ. ನಾನು ಸೆರಗಿನ ತುದಿ ಒದ್ದೆ ಮಾಡಿ ಕುಂಕುಮ ಒರೆಸಲು ಹೋದವಳು, ಅದೇನು ಪುಣ್ಯವೋ, ತಡೆದು ಸಾಬರಿಗೆ ಫೋನ್ ಮಾಡಿದೆ. ನೀರು ಮುಟ್ಟಿಸಬೇಡಿ, ಹಾಗೇ ಇಟ್ಟುಕೊಳ್ಳಿ, ನಾಳೆ ನಾನೇ ಬರುತ್ತೇನೆ ಎಂದರು.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಸಾಬರು ಇಸ್ತ್ರಿ ಮಾಡಿದ ಅಂಗಿ, ಹೊಸ ಟೋಪಿ ಹಾಕಿಕೊಂಡಿದ್ದರು. ಗುಮಾಸ್ತನ ಮೇಜಿನ ಮೇಲೆ ಪತ್ರವನ್ನು ಬೋರಲು ಮಲಗಿಸಿದರು. ಹೆಬ್ಬೆರಳಿನಿಂದ ಬೆನ್ನು ಸವರುತ್ತಾ ಬಂದು ಒಂದು ಕಡೆ ನಿಲ್ಲಿಸಿದರು.

"ಇದು ಮಿಷನ್ನಿನಾಗೆ ಕುಟ್ಟಿದ ಕಾಗ್ದ ಸಾಹೇಬ್ರೆ. ಮುಖಕ್ಕೆ ಏನೇ ಬಳಿದಿದ್ರೂ ಬೆನ್ನಿಗೆ ಗುದ್ದು ಉಳಿದಿರತೈತೆ. ಎಣ್ಣೆ ಕಾಗ್ದ ಎಲ್ಲ ನಾನು ಹಿಂಗೇ ನೋಡಿದ್ದು."

ಬೆರಳಿಟ್ಟು ಒಂದೊಂದೇ ಅಂಕಿ ಹೇಳುತ್ತಾ ಹೋದರು. ಗುಮಾಸ್ತನಿಗೆ ನಂಬಿಕೆ ಬರಲಿಲ್ಲ. ಪತ್ರವನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದು, ಮೊಬೈಲಿನಲ್ಲಿ ಬೆನ್ನಿನ ಫೋಟೊ ತೆಗೆದು, ಅದನ್ನು ಎಡಬಲ ತಿರುಗಿಸಿ ದೊಡ್ಡದು ಮಾಡಿದ. ಸಾಬರು ಹೇಳಿದ್ದ ಅಂಕಿಗಳೇ, ಅದೇ ಸಾಲಿನಲ್ಲಿ. ಆತ ಎದ್ದು ಗೋಡೌನಿಗೆ ಹೋದ. ಮುಕ್ಕಾಲು ಗಂಟೆಯ ಮೇಲೆ, ಅಂಚು ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ ಒಂದು ಪುಸ್ತಕ ಹಿಡಿದು ಬಂದ. ಆ ತಾರೀಖಿನ ಪುಟದಲ್ಲಿ, ನೀರಿನ ಕಲೆಯ ಕೆಳಗೆ, ಮಾವನವರ ಹೆಸರಿತ್ತು. ಕಡೆಯ ಕಂತು ಜಮೆ ಎಂದಿತ್ತು. ಸಾಬರು ಆ ಸಾಲಿನ ಮೇಲೆ ಕೈಯಾಡಿಸಿ, ಇದೇನು ಹೇಳತೈತೆ ನೋಡ್ರಿ ಟೀಚರಮ್ಮ ಎಂದರು. ಹನ್ನೊಂದು ವರ್ಷದ ಮೇಲೆ ಅವರು ನನ್ನನ್ನು ಓದಲು ಕೇಳಿದ್ದು ಅವತ್ತು. ನಾನು ಎರಡು ಸಲ ಓದಿದೆ.

ಅವತ್ತು ಸಂಜೆ ಅತ್ತೆಗೆ ನಿಜ ಹೇಳಿದೆ. ನಾನೇ ಪತ್ರವನ್ನು ರದ್ದಿಗೆ ಹಾಕಿದ್ದೆ ಎಂದೆ, ಏನು ಅಂದಿದ್ದೆ ಎಂಬುದನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ತಮ್ಮ ಉಂಗುರದ ಬೆರಳನ್ನೇ ನೋಡಿಕೊಳ್ಳುತ್ತಾ, "ತಾರೀಖಿನ ಮ್ಯಾಲೇ ಹಚ್ಚಿದ್ನಾ ನಾನು? ಇನ್ನ ಮ್ಯಾಲೆ ಮೂಲೆಗೆ ಹಚ್ತೀನಿ ಬಿಡವ್ವ" ಎಂದರು. ಮರುದಿನ ಸಾಬರು ತಮ್ಮ ಬಾಕಿ ಚಹಾ ಕುಡಿಯಲು ಬಂದರು. ಹೊರಡುವ ಮುಂಚೆ ಜಗಲಿಯ ಮೂಲೆಯಿಂದ ಆ ಬಣ್ಣದ ಡಬ್ಬ ತಂದು, ಬೋರಲು ಹಾಕಿ, ಕೂತರು. ನನ್ನನ್ನು ಕೇಳದೆಯೇ ನಮ್ಮ ಟ್ರಂಕು ತರಿಸಿದರು. ಮೂರು ರಾಶಿ ಬೀಳುವಷ್ಟರಲ್ಲಿ ಮಧ್ಯಾಹ್ನವಾಯಿತು. ನಾನು ಒಂದು ಸಲವೂ ಗಡಿಯಾರ ನೋಡಲಿಲ್ಲ.

ಅವರ ತಗಡಿನ ಡಬ್ಬವನ್ನೂ ಇಬ್ಬರೂ ಸೇರಿ ಖಾಲಿ ಮಾಡಿದೆವು. ನಾನು ಹೆಸರು ಓದುವುದು, ಅವರು ದಾರಿ ತೋರಿಸುವುದು. ಗೋವಿನಕೋವಿಯಲ್ಲಿ ಭಾಗಪತ್ರ ವಾಪಸ್ ಪಡೆದ ಹೆಂಗಸು ನಮಗಿಬ್ಬರಿಗೂ ಎಲೆ ಹಾಕಿ ಊಟಕ್ಕಿಟ್ಟಳು.

ಮಳೆಗಾಲದ ಕೊನೆಗೆ ಸಾಬರಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ನ್ಯಾಮತಿಯ ಮಗಳ ಮನೆಗೆ ಹೋದರು. ಸೊಸೈಟಿಯಿಂದ ಹೊಸ ಪತ್ರ ಬಂದಿತ್ತು, ನಿಮ್ಮ ಮನೆಯ ಮೇಲೆ ನಮ್ಮ ಯಾವ ಹಕ್ಕೂ ಇಲ್ಲ ಎಂದು. ಅದನ್ನು ತೋರಿಸಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಪತ್ರ ಕೈಗೆ ಕೊಟ್ಟೆ. ದಪ್ಪ ನೋಡಿದರು, ಬೆನ್ನು ಸವರಿದರು, ಮೂಗಿಗೆ ಹಿಡಿದರು. ಈಗಿನ ಪ್ರಿಂಟಿಗೆ ಬೆನ್ನಿನಲ್ಲಿ ಏನೂ ಉಳಿಯುವುದಿಲ್ಲ, ಅದಕ್ಕೇ ಮುಖ ಜೋಪಾನ ಎಂದರು. ನಾನು ಅಷ್ಟು ದೂರ ಬಂದದ್ದು ಅದೊಂದಕ್ಕೇ ಅಲ್ಲ. ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವತ್ತು ಸುಣ್ಣದ ದಿನ ನಾನು ಆಡಿದ ಮಾತು ಎಂದು ಶುರು ಮಾಡಿದೆ. ಓದಲು ಬರದವರು ಎಂಬಲ್ಲಿಯವರೆಗೆ ಬಂದೆ.

ಸಾಬರು ಕೈ ಎತ್ತಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.

"ಎಂಟು ವರ್ಷ ದಾಟಿ ಹೋತಲ್ರೀ ಟೀಚರಮ್ಮ ಅದು. ಇನ್ನ ಇಟ್ಕಳಾಕೆ ಬರಲ್ಲ. ಸುಟ್ಟುಬಿಡ್ರಿ."

ನಾನು ಅಲ್ಲಿಯೇ ಅತ್ತುಬಿಟ್ಟೆ. ಅವರ ಮಗಳು ನೀರು ತಂದು ಕೊಟ್ಟಳು. ಚನ್ನಗಿರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ಬದಲಾಯಿಸಬೇಕು ಎಂದು ಸಾಬರು ಎರಡು ಸಲ ಹೇಳಿ ಕಳಿಸಿದರು.

ದೀಪಾವಳಿಗೆ ಒಂದು ವಾರ ಮುಂಚೆ ಅವರು ತೀರಿಹೋದ ಸುದ್ದಿ ಶಾಹೀನ್ ಫೋನ್ ಮಾಡಿ ಹೇಳಿದಳು. ಹಬ್ಬದ ದಿನ ಅತ್ತೆ ಹೊಸ ಪತ್ರದ ಮೂಲೆಯನ್ನು ಬೆರಳಿನಿಂದ ತಡವಿ ತಡವಿ ನೋಡಿ, ಅಕ್ಷರವಿಲ್ಲದ ಕಡೆ ಚಿಕ್ಕ ಬೊಟ್ಟಿಟ್ಟರು.

ಈ ತಿಂಗಳ ಎರಡನೇ ಶನಿವಾರ ಹೊಸ ವ್ಯಾಪಾರಿಯೊಬ್ಬ ಬಂದಿದ್ದ. ನಾನು ಡಬ್ಬ ಬೋರಲು ಹಾಕಿಕೊಂಡು ಕೂತು ಒಂದೊಂದೇ ಕಾಗದ ನೋಡುತ್ತಿದ್ದೆ. ಅವನು ಗೇಟಿನ ಹತ್ತಿರ ನಿಂತು ಎರಡು ಸಲ ಗಂಟಲು ಸರಿ ಮಾಡಿಕೊಂಡ. ಕಡೆಗೆ, ಅದನ್ನೆಲ್ಲ ಏನು ನೋಡ್ತೀರಕ್ಕ, ತೂಕಕ್ಕೆ ಹಾಕ್ರಿ, ತಡ ಆಗತೈತೆ ಎಂದ. ಸ್ವಲ್ಪ ಕೂತ್ಕಳಪ್ಪ ಎಂದೆ. ಉಸಿರಿರುವುದನ್ನು ಒಳಗಿಟ್ಟೆ, ಮುಗಿದದ್ದನ್ನು ಅವನಿಗೆ ಕೊಟ್ಟೆ, ಉದ್ದ ನಂಬರಿನವನ್ನು ಹರಿದು ಒಲೆಗೆ ಹಾಕಿದೆ. ಅವರು ಸುಡಲು ಹೇಳಿದ್ದರಲ್ಲಿ ಇನ್ನೂ ಸುಡಲಾಗದೆ ನನ್ನ ಹತ್ತಿರ ಉಳಿದಿರುವುದು ಸುಣ್ಣದ ದಿನದ ಆ ಮಾತೊಂದೇ.